ನೋವಿನ ಮದ್ದಿಗೆ ಎರಡು ಬೀಗ



ಆಸ್ಪತ್ರೆಯಲ್ಲಿ ಬಂಧುಗಳ ಹಾಸಿಗೆಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆದವರು ನಿಮ್ಮಲ್ಲಿ ಅನೇಕರಿರಬಹುದು. ದಾದಿಯರು ಕುಳಿತುಕೊಳ್ಳುವ ಜಾಗದ ಹಿಂದೆ ಒಂದು ಕಪಾಟು, ಆ ಕಪಾಟಿನ ಒಳಗೆ ಇನ್ನೊಂದು ಚಿಕ್ಕ ಕಪಾಟು, ಎರಡಕ್ಕೂ ಬೇರೆ ಬೇರೆ ಬೀಗ ಇರುವುದನ್ನು ನೀವು ಗಮನಿಸಿರಲೂಬಹುದು. ಬೀಗದ ಕೈ ಆ ಪಾಳಿಯ ಹೊಣೆ ಹೊತ್ತ ಸಿಸ್ಟರ್ ಅವರ ಬಳಿಯಲ್ಲೇ ಇರುತ್ತದೆ. ಕಪಾಟಿನ ಪಕ್ಕದಲ್ಲಿ ಒಂದು ದಪ್ಪ ರಿಜಿಸ್ಟರು. ಒಳಗಿನಿಂದ ಒಂದು ಆಂಪೂಲು ಹೊರಬಂದರೂ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ, ಕೊಟ್ಟ ಗಂಟೆ, ಉಳಿದ ಲೆಕ್ಕ ಇವೆಲ್ಲವೂ ಅದರಲ್ಲಿ ದಾಖಲಾಗಬೇಕು. ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಒಟ್ಟಿಗೆ ನಿಂತು ಎಣಿಸಿ ಸಹಿ ಹಾಕಬೇಕು. ಆಂಪೂಲಿನಲ್ಲಿ ಅರ್ಧ ಬಳಸಿ ಅರ್ಧ ಚೆಲ್ಲಬೇಕಾಗಿ ಬಂದರೆ ಅದಕ್ಕೂ ಒಬ್ಬರು ಸಾಕ್ಷಿ ಬೇಕು.

ಮಾರ್ಫಿನ್, ಪೆಥಿಡಿನ್, ಫೆಂಟನಿಲ್ ಮೊದಲಾದ ಮಾದಕ ಗುಣವುಳ್ಳ ಔಷಧಿಗಳು ಅಲ್ಲಿರುತ್ತವೆ. ಶಸ್ತ್ರಚಿಕಿತ್ಸೆಯ ನಂತರ, ದೊಡ್ಡ ಅಪಘಾತಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾನ್ಸರಿನ ಕಡೆಯ ದಿನಗಳಲ್ಲಿ, ಬೇರಾವ ಮದ್ದಿಗೂ ಬಗ್ಗದ ನೋವನ್ನು ಇವು ತಗ್ಗಿಸುತ್ತವೆ. ಆದರೆ ಅಳತೆ ತಪ್ಪಿದರೆ ಉಸಿರನ್ನೇ ನಿಲ್ಲಿಸಬಲ್ಲವು. ತಪ್ಪು ಕೈಗೆ ಸಿಕ್ಕರೆ ಮನೆ ಮುರಿಯಬಲ್ಲವು. ಈ ಎರಡು ಬೀಗಗಳ ಹಿಂದೆ ಒಂದು ದೀರ್ಘ ಚರಿತ್ರೆಯಿದೆ. ಬೀಗ ಸಡಿಲವಾಗಿ ಪ್ರಾಣ ಹೋದ ಪ್ರಸಂಗಗಳು ಅದರಲ್ಲಿವೆ. ಬೀಗ ತೆರೆಯದೇ ಹೋದದ್ದರಿಂದ ಲಕ್ಷಾಂತರ ಜನ ನರಳುತ್ತಾ ಸತ್ತ ಪ್ರಸಂಗವೂ ಇದೆ. ಎರಡನೆಯದು ನಮ್ಮ ದೇಶದ್ದೇ ಆದುದರಿಂದ ಕ್ರೈಸ್ತ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಗಸಗಸೆ ಗಿಡದ ಎರಡು ಮುಖ

ಹಬ್ಬದ ಊಟಕ್ಕೆ ಗಸಗಸೆ ಪಾಯಸ ಮಾಡುವ ಮನೆಗಳು ನಮ್ಮಲ್ಲಿ ಬಹಳ. ಆ ಬೀಜ ಯಾವ ಗಿಡದ್ದೋ, ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮು ಆಗುತ್ತದೆ. ಅಫೀಮು ನೋವನ್ನು ಮರೆಸುತ್ತದೆ ಎಂಬುದು ಪ್ರಾಚೀನರಿಗೂ ಗೊತ್ತಿತ್ತು. ಆದರೆ ಒಂದು ಗಡ್ಡೆಯ ಬಲ ಇನ್ನೊಂದಕ್ಕಿರುತ್ತಿರಲಿಲ್ಲ. ಆದ್ದರಿಂದ ವೈದ್ಯನು ಕೊಟ್ಟದ್ದು ಒಮ್ಮೆ ಸಾಲದೆ ಹೋಗುತ್ತಿತ್ತು, ಇನ್ನೊಮ್ಮೆ ಮಿತಿಮೀರುತ್ತಿತ್ತು.

ಜರ್ಮನಿಯ ಪಾಡರ್‌ಬಾರ್ನ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಸಹಾಯಕನಾಗಿದ್ದ ಫ್ರೆಡ್ರಿಕ್ ಸೆರ್ಟ್ಯೂರ್ನರ್ ಎಂಬ ತರುಣನು 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಫೀಮಿನಿಂದ ಅದರ ಸತ್ವವನ್ನು ಬೇರ್ಪಡಿಸಿದನು. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟನು. 1817ರಲ್ಲಿ ಅವನ ಪೂರ್ಣ ವರದಿ ಪ್ರಕಟವಾಯಿತು. ಅದರ ಬಲವನ್ನು ತಿಳಿಯಲು ಅವನು ತಾನೂ ಸೇವಿಸಿ ಮೂವರು ತರುಣರಿಗೂ ಕೊಟ್ಟು ಪ್ರಾಣಾಪಾಯದ ಅಂಚಿಗೆ ಹೋಗಿ ಬಂದನೆಂಬುದೂ ಆ ವರದಿಯಲ್ಲಿದೆ. ಹೀಗೆ ಅಳೆದು ಕೊಡಬಹುದಾದ ನೋವಿನ ಮದ್ದು ಮಾನವಕುಲಕ್ಕೆ ಮೊದಲ ಬಾರಿಗೆ ದೊರೆಯಿತು.

1853ರಲ್ಲಿ ಎಡಿನ್‌ಬರೋದ ವೈದ್ಯ ಅಲೆಕ್ಸಾಂಡರ್ ವುಡ್ ಸೂಜಿಯ ಮೂಲಕ ಚರ್ಮದಡಿಗೆ ಮಾರ್ಫಿನ್ ಕೊಡುವ ವಿಧಾನವನ್ನು ಕಂಡುಕೊಂಡರು. ಹೊಟ್ಟೆಗೆ ಹೋಗದ ಮದ್ದು ಚಟ ಹಿಡಿಸದು ಎಂದು ಆಗಿನ ಹಲವು ವೈದ್ಯರು ನಂಬಿದ್ದರು. ಆ ನಂಬಿಕೆ ಸುಳ್ಳಾಯಿತು. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಕೆಮ್ಮಿನ ಮದ್ದಾಗಿ ಹೆರಾಯಿನ್ ಮಾರಲು ಹೊರಟಾಗ ಅದನ್ನು ಮಾರ್ಫಿನ್‌ಗಿಂತ ನಿರಪಾಯಕರವೆಂದೇ ಎಣಿಸಲಾಗಿತ್ತು. ಅದೂ ಸುಳ್ಳಾಯಿತು. 1912ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಸೇರಿ ಮೊದಲ ಅಂತರರಾಷ್ಟ್ರೀಯ ಅಫೀಮು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಮುಂದುವರಿಕೆಯಾಗಿ 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂದಿತು. ಮಾದಕ ದ್ರವ್ಯಗಳ ದುರ್ಬಳಕೆಯನ್ನು ತಡೆಯಬೇಕು ಎಂದು ಹೇಳುವ ಆ ಒಪ್ಪಂದ, ನೋವಿನ ಶಮನಕ್ಕೆ ಇವು ಅನಿವಾರ್ಯವಾದುದರಿಂದ ವೈದ್ಯಕೀಯ ಬಳಕೆಗೆ ಸಾಕಷ್ಟು ದೊರೆಯುವಂತೆಯೂ ನೋಡಿಕೊಳ್ಳಬೇಕು ಎಂದು ತನ್ನ ಪೀಠಿಕೆಯಲ್ಲೇ ಹೇಳಿದೆ. ಅನೇಕ ಸರ್ಕಾರಗಳು ಮೊದಲ ಮಾತನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತವು.

ಧರ್ಮಭಗಿನಿಯರ ಮನೆಯಲ್ಲಿ ಕಲಿತ ಪಾಠ

ಲಂಡನ್ನಿನ ಪೂರ್ವಭಾಗದ ಹ್ಯಾಕ್ನಿ ಆಗ ಬಡವರ ವಸತಿಯಾಗಿತ್ತು. ಅಲ್ಲಿ ಐರ್ಲೆಂಡಿನ 'ಸಿಸ್ಟರ್ಸ್ ಆಫ್ ಚಾರಿಟಿ' ಸಭೆಯ ಭಗಿನಿಯರು 1905ರಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಮರಣಾಸನ್ನರಿಗಾಗಿ ಒಂದು ಆಶ್ರಯಧಾಮ ತೆರೆದರು. ಆಸ್ಪತ್ರೆಗಳು ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳುಹಿಸಿದವರನ್ನು ಅವರು ಬರಮಾಡಿಕೊಳ್ಳುತ್ತಿದ್ದರು. ಶುಚಿಯಾದ ಹಾಸಿಗೆ, ಊಟ, ಪ್ರಾರ್ಥನೆ, ಪಕ್ಕದಲ್ಲಿ ಕೈ ಹಿಡಿದು ಕೂರುವ ಒಬ್ಬರು ಇಷ್ಟು ಅಲ್ಲಿ ಖಚಿತವಾಗಿ ಸಿಗುತ್ತಿತ್ತು.

1958ರಲ್ಲಿ ಆ ಮನೆಗೆ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಬಂದರು. ಆಂಗ್ಲಿಕನ್ ಸಭೆಗೆ ಸೇರಿದ ಈಕೆ ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯ ಸಮಾಜ ಸೇವಕಿಯಾಗಿ ದುಡಿದು, ಸಾಯುವವರ ನೋವಿಗೆ ಏನಾದರೂ ಮಾಡಲೇಬೇಕೆಂದು ಮೂವತ್ತು ದಾಟಿದ ಮೇಲೆ ವೈದ್ಯಶಾಸ್ತ್ರ ಓದಿದವರು. ಆಗ ಆಸ್ಪತ್ರೆಗಳಲ್ಲಿದ್ದ ಪದ್ಧತಿ ಹೀಗಿತ್ತು: ರೋಗಿ ನೋವಿನಿಂದ ಕೂಗಿದ ಮೇಲೆ ಮಾರ್ಫಿನ್ ಚುಚ್ಚುಮದ್ದು ಕೊಡುವುದು, ಅದರ ಬಲ ಇಳಿದು ಮತ್ತೆ ಕೂಗುವವರೆಗೆ ಕಾಯುವುದು. ಚಟವಾದೀತು ಎಂಬ ಭಯವೇ ಇದಕ್ಕೆ ಕಾರಣ. ಸಿಸಿಲಿ ಇದನ್ನು ತಿರುಗಿಸಿದರು. ನೋವು ನಿರಂತರವಾಗಿರುವಾಗ ಮದ್ದೂ ನಿರಂತರವಾಗಿರಬೇಕು; ಬಾಯಿಯ ಮೂಲಕ, ನಾಲ್ಕು ಗಂಟೆಗೊಮ್ಮೆ, ನೋವು ಮರಳುವ ಮೊದಲೇ ಅಳತೆಯಂತೆ ಕೊಡಬೇಕು ಎಂದರು. ಭಗಿನಿಯರ ಸಹಾಯದಿಂದ ಸುಮಾರು ಸಾವಿರ ರೋಗಿಗಳ ವಿವರಗಳನ್ನು ಕ್ರಮವಾಗಿ ಬರೆದಿಟ್ಟರು. ರೋಗಿಗಳು ಮಂಪರಿನಲ್ಲಿ ಬೀಳಲಿಲ್ಲ, ದಿನದಿನಕ್ಕೆ ಹೆಚ್ಚು ಹೆಚ್ಚು ಬೇಡಲೂ ಇಲ್ಲ. ಮಾತನಾಡಿದರು, ಉಂಡರು, ಮಕ್ಕಳನ್ನು ಕರೆಸಿ ಬೀಳ್ಕೊಂಡರು.

ಈ ಅನುಭವದ ಮೇಲೆಯೇ 1967ರಲ್ಲಿ ಅವರು ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಆಶ್ರಯಧಾಮ ಸ್ಥಾಪಿಸಿದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಬಗ್ಗೆ ಹೊರತಂದ ಕೈಪಿಡಿಯಲ್ಲಿ ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ಮೆಟ್ಟಿಲು ಮೆಟ್ಟಿಲಾಗಿ ಮದ್ದು ಕೊಡಬೇಕೆಂದು ಹೇಳಿದಾಗ ಹ್ಯಾಕ್ನಿಯ ಪಾಠ ಜಗತ್ತಿಗೇ ನಿಯಮವಾಯಿತು. ಅದೇ ವರ್ಷ ಮುಂಬೈಯ ಬಾಂದ್ರಾದಲ್ಲಿ 'ಶಾಂತಿ ಅವೇದನಾ ಸದನ' ಆರಂಭವಾಯಿತು. ಭಾರತದ ಮೊದಲ ಆಶ್ರಯಧಾಮ ಅದು.

ಧರ್ಮಸಭೆಯ ಮಾತು

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶಿಲುಬೆಯ ಬಳಿ ಸೈನಿಕರು ಕೊಟ್ಟ, ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸುಸ್ವಾಮಿ ಸ್ವೀಕರಿಸಲಿಲ್ಲ ಎಂದು ಸಂತ ಮಾರ್ಕನು ಬರೆಯುತ್ತಾನೆ. ಹಾಗಾದರೆ ಕ್ರೈಸ್ತನು ನೋವಿನ ಮದ್ದನ್ನು ಬೇಡವೆನ್ನಬೇಕೆ? ನಮ್ಮ ಹಿರಿಯರಲ್ಲಿ ಕೆಲವರಿಗೆ ಈ ಭಾವನೆ ಇಂದಿಗೂ ಇದೆ. ನೋವನ್ನು ದೇವರು ಕೊಟ್ಟಿದ್ದಾರೆ, ಸಹಿಸಿಕೊಳ್ಳಬೇಕು ಎಂದು ತಾವೂ ಹೇಳುತ್ತಾರೆ, ಮಕ್ಕಳಿಂದಲೂ ಹೇಳಿಸುತ್ತಾರೆ.

1957ರ ಫೆಬ್ರವರಿ 24ರಂದು ಜಗದ್ಗುರು ಹನ್ನೆರಡನೆಯ ಪಿಯುಸರು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತಾ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟರು. ಬೇರೆ ದಾರಿ ಇಲ್ಲದಿದ್ದಾಗ, ರೋಗಿಯ ಇತರ ಧಾರ್ಮಿಕ ಹಾಗೂ ನೈತಿಕ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದಲ್ಲಿ, ಎಚ್ಚರ ಕುಗ್ಗಿದರೂ ಆಯುಷ್ಯ ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ ನೋವನ್ನು ತಗ್ಗಿಸಲು ಮಾದಕ ಔಷಧಿ ಕೊಡುವುದು ನ್ಯಾಯಬದ್ಧ ಎಂದರು. 1980ರಲ್ಲಿ ವಿಶ್ವಾಸ ತತ್ವಗಳ ಪವಿತ್ರ ಸಭೆ ಹೊರಡಿಸಿದ ಘೋಷಣೆಯೂ ಕಥೋಲಿಕ ಧರ್ಮೋಪದೇಶದ 2279ನೆಯ ಪರಿಚ್ಛೇದವೂ ಇದನ್ನೇ ಹೇಳುತ್ತವೆ. ಕ್ರಿಸ್ತರ ಯಾತನೆಯಲ್ಲಿ ಪಾಲ್ಗೊಳ್ಳಲೆಂದು ಒಬ್ಬನು ತಾನಾಗಿಯೇ ಮದ್ದನ್ನು ಮಿತಗೊಳಿಸಿಕೊಂಡರೆ ಅದು ವೀರೋಚಿತ. ಆದರೆ ಅದನ್ನು ಎಲ್ಲರ ಮೇಲೆ ನಿಯಮವಾಗಿ ಹೇರುವಂತಿಲ್ಲ. ತನ್ನ ನೋವನ್ನು ಅರ್ಪಿಸುವ ಹಕ್ಕು ಆ ನೋವನ್ನು ಅನುಭವಿಸುವವನದು. ಹಾಸಿಗೆಯ ಪಕ್ಕದಲ್ಲಿ ನಿಂತ ನಮ್ಮದಲ್ಲ. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಆ ಸಮಾರಿಯದವನು ಮೊದಲು ಮಾಡಿದ್ದು ಎಣ್ಣೆ ಮತ್ತು ದ್ರಾಕ್ಷಾರಸ ಸುರಿದು ಕಟ್ಟುಕಟ್ಟಿದ್ದು.

ಒಂದು ಗೆರೆಯನ್ನು ಮಾತ್ರ ಧರ್ಮಸಭೆ ಗಟ್ಟಿಯಾಗಿ ಎಳೆದಿದೆ. ಮದ್ದು ಕೊಡುವ ಕೈ ನೋವನ್ನು ಕೊಲ್ಲಲು ಹೊರಟಿರಬೇಕು, ರೋಗಿಯನ್ನಲ್ಲ. ಸಾವನ್ನು ಗುರಿಯಾಗಿಯೋ ಸಾಧನವಾಗಿಯೋ ಬಯಸಿ ಕೊಟ್ಟ ಮದ್ದು ಕೊಲೆಯೇ. ಈ ಗೆರೆಯನ್ನು ಕಾಯುವಲ್ಲಿ ಆ ರಿಜಿಸ್ಟರಿಗೂ ಪಾಲಿದೆ. ಯಾರಿಗೆ, ಯಾವಾಗ, ಎಷ್ಟು, ಯಾರ ಆದೇಶದಂತೆ ಎಂದು ಬರೆದಿಟ್ಟಲ್ಲಿ ಮನಸ್ಸಿನ ಉದ್ದೇಶವೂ ಸ್ವಲ್ಪಮಟ್ಟಿಗೆ ಬೆಳಕಿಗೆ ಬರುತ್ತದೆ.

ಬೀಗ ಸಡಿಲವಾದಾಗ

ಬರೆದಿಡದಿದ್ದರೆ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯನ ಪ್ರಕರಣ ಸಾಕ್ಷಿ. 1970ರ ದಶಕದ ಮಧ್ಯಭಾಗದಲ್ಲಿ ಟಾಡ್‌ಮಾರ್ಡನ್ ಎಂಬ ಊರಿನಲ್ಲಿ ಈತ ಪೆಥಿಡಿನ್ ಚಟಕ್ಕೆ ಬಿದ್ದು ರೋಗಿಗಳ ಹೆಸರಿನಲ್ಲಿ ಸುಳ್ಳು ಚೀಟಿ ಬರೆದು ಮದ್ದು ಪಡೆಯುತ್ತಿದ್ದನು. 1976ರಲ್ಲಿ ನ್ಯಾಯಾಲಯ ದಂಡ ವಿಧಿಸಿತು. ಆದರೆ ವೈದ್ಯವೃತ್ತಿಗೆ ಅಡ್ಡಿಯಾಗಲಿಲ್ಲ. ಮುಂದೆ ಹೈಡ್ ಎಂಬ ಊರಿನಲ್ಲಿ ನೆಲೆಸಿ ಜನಪ್ರಿಯ ಕುಟುಂಬ ವೈದ್ಯನಾದನು. ಮಾದಕ ಔಷಧಿಗಳನ್ನು ತಾನು ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿದ್ದರಿಂದ ಅವನ ಬಳಿ ರಿಜಿಸ್ಟರೂ ಇರಲಿಲ್ಲ, ತಪಾಸಣೆಯೂ ನಡೆಯಲಿಲ್ಲ. ರೋಗಿಗಳ ಹೆಸರಿನಲ್ಲಿ ಡಯಾಮಾರ್ಫಿನ್ ತರಿಸಿಕೊಂಡು, ಕ್ಯಾನ್ಸರಿನಿಂದ ಸತ್ತವರ ಮನೆಯಲ್ಲಿ ಉಳಿದ ಮದ್ದನ್ನು ತಾನೇ ಒಯ್ದು, ಅದನ್ನು ಆರೋಗ್ಯವಾಗಿದ್ದ ವೃದ್ಧರಿಗೆ ಚುಚ್ಚಿ ಕೊಲ್ಲುತ್ತಿದ್ದನು. 1998ರಲ್ಲಿ ಬಂಧನವಾಯಿತು. 2000ದ ಜನವರಿ 31ರಂದು 15 ಕೊಲೆಗಳಿಗಾಗಿ ಅವನನ್ನು ಅಪರಾಧಿಯೆಂದು ತೀರ್ಮಾನಿಸಲಾಯಿತು. ನ್ಯಾಯಾಧೀಶೆ ಜ್ಯಾನೆಟ್ ಸ್ಮಿತ್ ಅವರ ವಿಚಾರಣಾ ಆಯೋಗ 2002ರ ವರದಿಯಲ್ಲಿ, ಅವನು ಕೊಂದವರು 215 ಮಂದಿ ಎಂದು ಗುರುತಿಸಿತು.

ಆ ಆಯೋಗದ 2004ರ ನಾಲ್ಕನೆಯ ವರದಿ ಪೂರ್ಣವಾಗಿ ಮಾದಕ ಔಷಧಿಗಳ ನಿರ್ವಹಣೆಯ ಬಗ್ಗೆಯೇ ಇದೆ. ಅದರ ಫಲವಾಗಿ 2006ರ ಕಾನೂನಿನಿಂದ ಅಲ್ಲಿನ ಆರೋಗ್ಯ ಸಂಸ್ಥೆಗಳಲ್ಲಿ ಈ ಔಷಧಿಗಳಿಗೆ ಉತ್ತರ ಹೇಳಬೇಕಾದ ಒಬ್ಬ ಹೊಣೆಗಾರ ಅಧಿಕಾರಿಯನ್ನು ನೇಮಿಸುವುದು ಕಡ್ಡಾಯವಾಯಿತು. ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಬೀಗದ ಕೈ ಒಬ್ಬನದೇ ಆಗಿದ್ದು ಅವನನ್ನು ಪ್ರಶ್ನಿಸುವವರಿಲ್ಲದಿದ್ದರೆ ರಕ್ಷಣೆಯಿಲ್ಲ. ಇಬ್ಬರ ಸಹಿ ಬೇಕೆನ್ನುವುದು ದಾದಿಯರ ಮೇಲಿನ ಸಂಶಯವಲ್ಲ, ದುರ್ಬಲ ಗಳಿಗೆಯಲ್ಲಿ ಅವರಿಗೇ ಅದು ಆಸರೆ.

ಅಮೆರಿಕದಲ್ಲಿ ನಡೆದದ್ದು ಇನ್ನೊಂದು ಬಗೆ. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು, ಚಟದ ಅಪಾಯ ಕಡಿಮೆ ಎಂದು ಹೇಳಿ ಬೆನ್ನುನೋವು, ಕೀಲುನೋವುಗಳಿಗೂ ಧಾರಾಳವಾಗಿ ಬರೆಯುವಂತೆ ವೈದ್ಯರನ್ನು ಪ್ರೇರೇಪಿಸಲಾಯಿತು. ತಯಾರಕರಾದ ಪರ್ಡ್ಯೂ ಕಂಪನಿ 2007ರಲ್ಲೂ ಮತ್ತೆ 2020ರಲ್ಲೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಕುಟುಂಬಗಳು ಮಕ್ಕಳನ್ನು ಕಳೆದುಕೊಂಡಿದ್ದವು.

ಬೀಗ ತುಕ್ಕು ಹಿಡಿದಾಗ

ಈಗ ನಮ್ಮ ದೇಶಕ್ಕೆ ಬರೋಣ. ಭಾರತವು ಸರ್ಕಾರದ ಪರವಾನಗಿಯಡಿ ಔಷಧಿಗಾಗಿ ಅಫೀಮು ಬೆಳೆಯುವ ದೇಶ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಬೆಳೆದದ್ದು ಘಾಜಿಪುರ ಮತ್ತು ನೀಮಚ್‌ಗಳ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಬಹುಕಾಲ ಅದರ ಬಹುಪಾಲು ಹೊರದೇಶಗಳ ರೋಗಿಗಳ ನೋವು ತಣಿಸಲು ರಫ್ತಾಗುತ್ತಿತ್ತು. ಬೆಳೆದ ನಾಡಿನ ರೋಗಿಗೆ ಮಾತ್ರ ಅದು ಸಿಗುತ್ತಿರಲಿಲ್ಲ.

ಕಾರಣ 1985ರ ಮಾದಕ ದ್ರವ್ಯಗಳ ಕಾಯಿದೆ. ಕಳ್ಳಸಾಗಣೆಯನ್ನು ತಡೆಯುವ ಅದರ ಉದ್ದೇಶ ಸರಿಯಾದದ್ದೇ. ಆದರೆ ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆಯ ಭಯ ಆಸ್ಪತ್ರೆಗಳನ್ನೂ ಔಷಧಿ ಅಂಗಡಿಗಳನ್ನೂ ಆವರಿಸಿತು. ಮಾರ್ಫಿನ್ ತರಿಸಲು ಅನೇಕ ರಾಜ್ಯಗಳಲ್ಲಿ ನಾಲ್ಕೈದು ಪರವಾನಗಿಗಳು ಬೇಕಾಗಿದ್ದವು. ಅವನ್ನು ಅಬಕಾರಿ ಮತ್ತು ಔಷಧ ನಿಯಂತ್ರಣ ಇಲಾಖೆಗಳಿಂದ ಬೇರೆ ಬೇರೆಯಾಗಿ ಪಡೆಯಬೇಕಿತ್ತು. ಎಲ್ಲವೂ ಒಂದೇ ಸಮಯದಲ್ಲಿ ಚಾಲ್ತಿಯಲ್ಲಿರಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದ ಒಂದು ತಪ್ಪಿಗೂ ಸೆರೆಮನೆ ಕಾದಿದೆ ಎಂಬ ಅಂಜಿಕೆಯಿಂದ ಹಲವು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1985ರಿಂದ 1997ರ ಹೊತ್ತಿಗೆ ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇಕಡಾ 97ರಷ್ಟು ಕುಸಿದು ಕೇವಲ 18 ಕಿಲೋಗ್ರಾಂಗೆ ಇಳಿಯಿತು. ನೂರು ಕೋಟಿಯ ಅಂಚಿನಲ್ಲಿದ್ದ ಜನಸಂಖ್ಯೆಗೆ 18 ಕಿಲೋ! ಇನ್ನೂ ದೊಡ್ಡ ನಷ್ಟವೆಂದರೆ ಒಂದು ತಲೆಮಾರಿನ ವೈದ್ಯರು ಮತ್ತು ದಾದಿಯರು ಬಾಯಿಯ ಮಾರ್ಫಿನ್ ಕೊಡುವುದನ್ನು ಕಲಿಯದೆಯೇ ಕಾಲೇಜಿನಿಂದ ಹೊರಬಂದರು.

ಇದಕ್ಕೆ ಉತ್ತರ ಪಕ್ಕದ ಕೇರಳದಿಂದ ಬಂದಿತು. 1993ರಲ್ಲಿ ಕೋಯಿಕ್ಕೋಡು ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರು ನೋವು ಮತ್ತು ಉಪಶಾಮಕ ಆರೈಕೆಯ ಸಂಘವೊಂದನ್ನು ಕಟ್ಟಿದರು. ಅಲ್ಲಿ ರೋಗಿಗಳು ಬಾಯಿಯ ಮಾರ್ಫಿನ್ ಪಡೆದು ಮನೆಗೊಯ್ಯುತ್ತಿದ್ದರು. ಬಡವರ ಮನೆಗೆ ಹೋದ ಮದ್ದು ಬೀದಿಗೆ ಸೋರಿಹೋದೀತು ಎಂದು ಎಚ್ಚರಿಸಿದವರಿದ್ದರು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ಎರಡು ವರ್ಷಗಳಲ್ಲಿ 1723 ರೋಗಿಗಳಿಗೆ ಬಾಯಿಯ ಮಾರ್ಫಿನ್ ಕೊಡಲಾಗಿತ್ತು. ದುರ್ಬಳಕೆಯ ಅಥವಾ ಸೋರಿಕೆಯ ಒಂದು ಪ್ರಕರಣವೂ ಕಂಡುಬರಲಿಲ್ಲ. ಸರಳವಾದ ದಾಖಲೆ, ತರಬೇತಿ ಪಡೆದ ವೈದ್ಯರು, ರೋಗಿಯ ಮನೆಯವರೊಂದಿಗೆ ಬಿಡದ ಸಂಪರ್ಕ ಇದ್ದಲ್ಲಿ ಬೀಗವನ್ನು ತೆರೆಯಬಹುದು ಎಂಬುದು ಅಲ್ಲಿ ರುಜುವಾತಾಯಿತು.

ಕಾನೂನು ಬದಲಾಗಲು ಇನ್ನೂ ಹದಿಮೂರು ವರ್ಷ ಹಿಡಿಯಿತು. 2014ರ ಫೆಬ್ರವರಿಯಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು 'ಅತ್ಯಾವಶ್ಯಕ ಮಾದಕ ಔಷಧಿ' ಎಂಬ ವರ್ಗವನ್ನು ಸೃಷ್ಟಿಸಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳು ಇದರಲ್ಲಿವೆ. 2015ರ ನಿಯಮಗಳ ಪ್ರಕಾರ, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ನಾಲ್ಕೈದು ಪರವಾನಗಿಗಳ ಅಲೆದಾಟವಿಲ್ಲ. ತರಬೇತಿ ಪಡೆದ ಒಬ್ಬ ವೈದ್ಯರು ಹೊಣೆ ಹೊರಬೇಕು, ಲೆಕ್ಕ ನಿಖರವಾಗಿರಬೇಕು. ಆದರೂ 2017ರಲ್ಲಿ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿದಾಗ ಭಾರತಕ್ಕೆ ಬೇಕಾದ ಇಂತಹ ಔಷಧಿಯ ಶೇಕಡಾ 4ರಷ್ಟು ಮಾತ್ರ ರೋಗಿಗಳಿಗೆ ತಲುಪುತ್ತಿತ್ತು. ಕಾನೂನಿನ ಬೀಗ ತೆರೆದರೂ ಭಯದ ಬೀಗ ಉಳಿದುಕೊಂಡಿದೆ.

ನಮ್ಮ ಆಸ್ಪತ್ರೆಗಳಲ್ಲಿ, ನಮ್ಮ ಮನೆಗಳಲ್ಲಿ

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಧರ್ಮಸಭೆ ನಡೆಸುವ ಆಸ್ಪತ್ರೆಗಳು ದೊಡ್ಡದಿರಲಿ ಚಿಕ್ಕದಿರಲಿ, ತೊಂದರೆ ಏಕೆ ಎಂದು ಮಾರ್ಫಿನ್ ಇಡದೆ ಕುಳಿತರೆ ಹ್ಯಾಕ್ನಿಯ ಭಗಿನಿಯರ ಪರಂಪರೆಯಿಂದ ದೂರ ಸರಿದಂತೆ. ಮಾನ್ಯತೆ ಪಡೆಯಲು, ವೈದ್ಯರನ್ನೂ ದಾದಿಯರನ್ನೂ ತರಬೇತಿಗೆ ಕಳುಹಿಸಲು, ರಿಜಿಸ್ಟರನ್ನು ಶ್ರದ್ಧೆಯಿಂದ ಇಡಲು ಆಗುವ ಶ್ರಮ ಕೂಡ ಸುವಾರ್ತೆಯ ಸೇವೆಯೇ. ಬೆಂಗಳೂರಿನ 'ಕರುಣಾಶ್ರಯ' 1999ರಿಂದ ಮುಂದುವರಿದ ಕ್ಯಾನ್ಸರಿನ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿದೆ. ಅಂತಹ ಮನೆಗಳಿಂದ ಕಲಿಯಲು ಸಂಕೋಚ ಬೇಡ.

ಇನ್ನು ಮನೆಗಳ ಮಾತು. ಮದ್ದು ರೋಗಿಯೊಂದಿಗೆ ಮನೆಗೆ ಬಂದಾಗ ಆ ಎರಡು ಬೀಗಗಳ ಹೊಣೆಯೂ ಜೊತೆಗೇ ಬರುತ್ತದೆ. ಅದನ್ನು ದೇವರ ಪಟದ ಕೆಳಗೋ ಅಡುಗೆಮನೆಯ ಗೂಡಿನಲ್ಲೋ ಇಡದೆ ಬೀಗವಿರುವ ಕಡೆ, ಮಕ್ಕಳ ಕೈಗೆಟುಕದಂತೆ ಇಡಿ. ಮನೆಯಲ್ಲಿ ಒಬ್ಬರು ಹೊಣೆ ಹೊತ್ತು, ಕೊಟ್ಟ ಗಂಟೆಯನ್ನೂ ಉಳಿದ ಮಾತ್ರೆಗಳ ಎಣಿಕೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಅಪ್ಪನಿಗೆ ಬರೆದುಕೊಟ್ಟ ಮಾತ್ರೆಯನ್ನು ಸೊಂಟನೋವೆಂದು ಮಾವನಿಗೆ ಕೊಡಬೇಡಿ. ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ, ಅದಕ್ಕೆ ಮದ್ದನ್ನು ಮೊದಲೇ ಕೇಳಿ ಪಡೆಯಿರಿ. ಎಬ್ಬಿಸಲಾಗದಷ್ಟು ಮಂಪರು ಅಥವಾ ತೀರಾ ನಿಧಾನವಾದ ಉಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ತಿಳಿಸಿ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯನ್ನು ತೆಗೆದ ಮೇಲೂ ಅದರಲ್ಲಿ ಮದ್ದು ಉಳಿದಿರುತ್ತದೆ. ಅಂಟಿನ ಭಾಗ ಒಳಗಾಗುವಂತೆ ಮಡಚಿ, ಆಸ್ಪತ್ರೆಯವರು ಹೇಳಿದಂತೆ ವಿಲೇವಾರಿ ಮಾಡಿ. ರೋಗಿ ದೇವರ ಪಾದ ಸೇರಿದ ಮೇಲೆ ಉಳಿದ ಮದ್ದನ್ನು ಎಣಿಸಿ, ಕೊಟ್ಟಲ್ಲಿಗೇ ಹಿಂತಿರುಗಿಸಿ ಬರೆಸಿಕೊಂಡು ಬನ್ನಿ. ಶಿಪ್‌ಮನ್‌ನಂಥವನಿಗೆ ದಾರಿಯಾದದ್ದು ದುಃಖದ ಮನೆಗಳಲ್ಲಿ ಯಾರೂ ಎಣಿಸದೆ ಬಿಟ್ಟ ಆಂಪೂಲುಗಳೇ.

ಅದೇ ವೇಳೆ, 'ಮಾರ್ಫಿನ್ ಎಂದರೆ ಇನ್ನು ಮುಗಿಯಿತು' ಎಂದು ಹೆದರಿ ಮದ್ದನ್ನು ನಿರಾಕರಿಸಬೇಡಿ. ನೋವಿಗಾಗಿ ಅಳತೆಯಂತೆ, ವೈದ್ಯರ ನಿಗಾದಲ್ಲಿ ತೆಗೆದುಕೊಂಡವನನ್ನು ಚಟಕ್ಕಾಗಿ ತೆಗೆದುಕೊಂಡವನ ಸಾಲಿಗೆ ಸೇರಿಸಬಾರದು. ನೋವು ತಗ್ಗಿದ ರೋಗಿ ಪಾಪನಿವೇದನೆ ಮಾಡಬಲ್ಲನು, ಪರಮಪ್ರಸಾದ ಸ್ವೀಕರಿಸಬಲ್ಲನು, ಮುನಿಸಿಕೊಂಡಿದ್ದ ತಮ್ಮನನ್ನು ಕರೆಸಿ ರಾಜಿಯಾಗಬಲ್ಲನು. ಅಸಹನೀಯ ಯಾತನೆಯಲ್ಲಿ ಹೊರಳಾಡುವವನ ಬಳಿ ಅಭ್ಯಂಗ ಸಂಸ್ಕಾರಕ್ಕೆ ಹೋದ ಗುರುಗಳೆಲ್ಲರಿಗೂ ಗೊತ್ತಿದೆ: ಅವನಿಗೆ ನಮ್ಮ ಪ್ರಾರ್ಥನೆಯ ಮಾತು ಕೇಳಿಸುವುದೇ ಇಲ್ಲ.

ನಿಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಗುರುಗಳ ಬಳಿ ಇರುತ್ತದೆ. ಈ ತಿಂಗಳು ಅವರಲ್ಲಿ ಒಬ್ಬರ ಮನೆಗೆ ಹೋಗಿ ಕುಶಲ ಕೇಳುವಾಗ ರಾತ್ರಿ ನಿದ್ದೆ ಬರುತ್ತದೆಯೇ, ನೋವಿಗೆ ಏನು ಕೊಡುತ್ತಿದ್ದಾರೆ ಎಂದೂ ಕೇಳಿ. ಏನೂ ಇಲ್ಲವೆಂದರೆ ಉಪಶಾಮಕ ಆರೈಕೆ ಇರುವ ಆಸ್ಪತ್ರೆಗೆ ಅವರ ಮನೆಯವರನ್ನು ಕರೆದೊಯ್ಯಿರಿ. ಆ ಕಪಾಟು ಯಾರಿಗಾಗಿ ಇದೆಯೋ ಅವರು ಬಾಗಿಲವರೆಗೆ ನಡೆದು ಬರಲಾರರು.